ಸಾಂತಾ ರೀಟಾದ ಪಡುವಣ ತುದಿ

ಆ ಸೋಮವಾರ ಬೆಳಿಗ್ಗೆ ಒಂಬತ್ತೂವರೆಗೆ ಬಾಗಿಲ ಗಂಟೆ ಬಾರಿಸಿದವರು ವತ್ಸಲಾ. ಸೈಕಲ್ಲಿಗೆ ಬೀಗ ಹಾಕುವುದನ್ನೂ ಮರೆತು ಮೆಟ್ಟಿಲೇರಿ ಬಂದಿದ್ದರು. ಗೌರಾಬಾಯಿ ಅಡಿಗೆಮನೆಯಲ್ಲಿ ಕೂತು ಮೆಂತ್ಯೆಸೊಪ್ಪು ಬಿಡಿಸುತ್ತಿದ್ದರು. ವೈಶಾಲಿ ಆಫೀಸಿಗೆ ಹೊರಡಲು ಕೋಟು ಹಾಕಿಕೊಳ್ಳುತ್ತಿದ್ದವಳು, ವತ್ಸಲಾರ ಮುಖ ನೋಡಿ ಅದನ್ನು ಮತ್ತೆ ಗೂಟಕ್ಕೆ ಸಿಕ್ಕಿಸಿದಳು.

ದ ಹೇಗ್ ನಗರದ ಗೌರಾಬಾಯಿಯವರ ಮನೆಯಲ್ಲಿ ವೈಶಾಲಿ ಬಾಡಿಗೆಗೆ ಇದ್ದು ನಾಲ್ಕು ವರ್ಷವಾಗಿತ್ತು. ಬಾಗಲಕೋಟೆಯ ಗೌರಾಬಾಯಿ ಮೂವತ್ತು ವರ್ಷ ಅಂಟು, ರಾಳ, ಬಣ್ಣಗಳ ಸಂಶೋಧನೆ ಮಾಡಿ ನಿವೃತ್ತರಾದವರು. ಊರಿನ ಕನ್ನಡದವರಲ್ಲಿ ಏನಾದರೂ ಕಳೆದರೆ, ಯಾರ ಮೇಲಾದರೂ ಸುಳ್ಳು ಆಪಾದನೆ ಬಂದರೆ, ಮೊದಲು ಬರುತ್ತಿದ್ದದ್ದು ಇವರ ಮನೆಗೆ. ಬಂದಾಗೆಲ್ಲ ವೈಶಾಲಿ ಜೊತೆಗೆ ಹೋಗುವುದು, ಹೇಳಿದ್ದನ್ನು ಬರೆದುಕೊಳ್ಳುವುದು ರೂಢಿಯಾಗಿಬಿಟ್ಟಿತ್ತು.

"ಅಕ್ಕಾರ, ನಮ್ಮ ಆಫೀಸಿನ ಸಾತ್ವಿಕ್‌ನ ಉಳಸ್ರಿ," ಎಂದರು ವತ್ಸಲಾ. "ಯಾರೋ ನನ್ನ ಮಾಡೆಲ್ ಕೊಯ್ದಾರ. ಅವನ ಮ್ಯಾಲೆ ಹೊರಸ್ಯಾರ. ಕೆಲಸಾ ಹೋದ್ರ ಈ ದೇಶದಾಗ ಇರೂ ಅವನ ಪರ್ಮಿಟ್ಟೂ ಹೋಗ್ತದ."

ವತ್ಸಲಾ ಕೆಲಸ ಮಾಡುತ್ತಿದ್ದದ್ದು ವಿಮಾನ ನಿಲ್ದಾಣಗಳ ನಕ್ಷೆ ತಯಾರಿಸುವ ಒಂದು ಸಣ್ಣ ಕಚೇರಿಯಲ್ಲಿ. ನಕ್ಷೆ ನೋಡಿ ಮರ, ರಟ್ಟು, ರಾಳಗಳಿಂದ ಪುಟ್ಟ ಮಾದರಿಗಳನ್ನು ಕಟ್ಟುವುದು ಅವರ ಕೆಲಸ. ಕೆರಿಬಿಯನ್ ಸಮುದ್ರದ ಸಾಂತಾ ರೀಟಾ ದ್ವೀಪದ ನಿಲ್ದಾಣದ ಮಾದರಿಯನ್ನೂ ಮೂರು ವರ್ಷದ ಹಿಂದೆ ಅವರೇ ಕಟ್ಟಿದ್ದರು. ಪ್ರವಾಸಿಗಳಿಂದಲೇ ಬದುಕುವ ದ್ವೀಪ ಅದು. ರನ್‌ವೇಯ ಪಡುವಣ ತುದಿಗೆ ತಂತಿಬೇಲಿ, ಬೇಲಿಗೆ ತಾಗಿ ರಸ್ತೆ, ರಸ್ತೆ ದಾಟಿದರೆ ಕಡಲತೀರ. ಹೊರಡುವ ವಿಮಾನದ ಎಂಜಿನ್ ಗಾಳಿಗೆ ಮೈಯೊಡ್ಡಲೆಂದೇ ಜನ ಆ ಬೇಲಿ ಹಿಡಿದು ನಿಲ್ಲುತ್ತಿದ್ದರು.

ಹೋದ ವರ್ಷದ ಮಾರ್ಚಿನಲ್ಲಿ ಹಾಗೆ ನಿಂತವರಲ್ಲಿ ವತ್ಸಲಾರ ಒಬ್ಬಳೇ ಮಗಳು ದೀಕ್ಷಾ ಕೂಡ ಇದ್ದಳು. ಗಾಳಿ ಅವಳನ್ನು ಎತ್ತಿ ರಸ್ತೆಯಂಚಿನ ಕಾಂಕ್ರೀಟಿಗೆ ಒಗೆದಿತ್ತು. ಸತ್ತಾಗ ಅವಳಿಗೆ ಇಪ್ಪತ್ತನಾಲ್ಕು ವರ್ಷ. ಮಾಸ್ಟ್ರಿಕ್ಟ್‌ನಲ್ಲಿ ಓದುವಾಗ ಎರಡು ವರ್ಷ ಅವಳೂ ವೈಶಾಲಿಯೂ ಒಂದೇ ಕೋಣೆಯಲ್ಲಿದ್ದವರು. ಆ ಹೆಸರು ಬಂದಾಗೆಲ್ಲ ವೈಶಾಲಿ ಈಗಲೂ ಏನಾದರೊಂದು ಕೆಲಸ ಹುಡುಕಿಕೊಳ್ಳುತ್ತಿದ್ದಳು. ಈಗಲೂ ಎದ್ದು ಚಹಾಕ್ಕೆ ನೀರಿಟ್ಟಳು.

"ದೀಕ್ಷಾನ ಸಾವಿನ ವಿಚಾರಣಿಗೆ ದ್ವೀಪದಿಂದ ಅಧಿಕಾರಿ ಬರ್ತಾರ, ಇವತ್ತ ಮೂರಕ್ಕ," ವತ್ಸಲಾ ಮುಂದುವರಿಸಿದರು. "ಹಳೇ ಮಾಡೆಲ್ ನೋಡಬೇಕಂತ ಬುಧವಾರ ಪತ್ರಾ ಬರದಿದ್ರು. ಇವತ್ತ ಮುಂಜಾನೆ ಮ್ಯಾಲೆ ಮುಚ್ಚಿದ ಬಟ್ಟಿ ತಗದ್ರ, ಪಡುವಣ ತುದೀನ ಇಲ್ಲ!"

"ನೀ ಕಡೀಕ ಅದನ್ನ ನೋಡಿದ್ದು ಯಾವಾಗ?"

ವತ್ಸಲಾ ತಲೆ ತಗ್ಗಿಸಿದರು. "ದೀಕ್ಷಾ ಹೋದ ಮ್ಯಾಲೆ ನಾ ಆ ಬಟ್ಟಿ ಎತ್ತೇ ಇಲ್ರಿ."

ಗೌರಾಬಾಯಿ ಸೊಪ್ಪಿನ ತಟ್ಟೆ ಪಕ್ಕಕ್ಕಿಟ್ಟು ಎದ್ದರು. ಮೂವರೂ ಟ್ರಾಮ್ ಹಿಡಿದು ಹೋದರು.

ಕಚೇರಿಯ ಮುಖ್ಯಸ್ಥ ನಂಜುಂಡಸ್ವಾಮಿ ಮೈಸೂರಿನವರು, ಐವತ್ತೆಂಟರ ಸೌಮ್ಯ ಮನುಷ್ಯ. ವತ್ಸಲಾರ ಗಂಡ ತೀರಿಕೊಂಡಾಗ ಅವರಿಗೆ ಈ ಕೆಲಸ ಕೊಡಿಸಿದವರು, ದೀಕ್ಷಾಳಿಗೆ ಈಜು, ಸೈಕಲ್ ಕಲಿಸಿದವರು. ಅವಳ ಪಾಲಿಗೆ ಸ್ವಾಮಿಮಾಮ. ಈ ಒಂದೂವರೆ ವರ್ಷದಲ್ಲಿ ಅವರ ತಲೆ ಪೂರಾ ನೆರೆತುಹೋಗಿದ್ದನ್ನು ವೈಶಾಲಿ ಗಮನಿಸಿದಳು.

"ಮಾದರಿ ಕೋಣೆಯ ಬಾಗಿಲು ಮೂರು ಕಾರ್ಡಿಗೆ ಮಾತ್ರ ತೆರೆಯತ್ತೆ. ನನ್ನದು, ವತ್ಸಲಾದು, ಸಾತ್ವಿಕ್‌ದು," ಎಂದರು ಅವರು. "ಕ್ಲೀನಿಂಗ್‌ಗೆ ಬರೋ ರೂಬಿಗೆ ಶುಕ್ರವಾರ ನಾನೇ ತೆಗೆದುಕೊಡ್ತೀನಿ. ಶುಕ್ರವಾರ ಸಂಜೆ ಆರಕ್ಕೆ, ಅವಳು ಹೋದಮೇಲೆ, ಬಟ್ಟೆ ಎತ್ತಿ ನೋಡಿದ್ದೆ. ಎಲ್ಲಾ ಸರಿಯಾಗಿತ್ತು. ಆಮೇಲೆ ಒಳಗೆ ಹೋಗಿರೋದು ಒಬ್ಬನೇ. ಭಾನುವಾರ ಹತ್ತೂ ನಲವತ್ತಕ್ಕೆ ಸಾತ್ವಿಕ್."

"ಪ್ರಿಂಟ್ ತಗೊಳ್ಳೋಕೆ ಹೋಗಿದ್ದೆ ಮೇಡಂ, ಇವತ್ತಿನ ಮೀಟಿಂಗ್‌ಗೆ," ಎಂದ ಸಾತ್ವಿಕ್. ಬೆಂಗಳೂರಿನ ತರುಣ ಎಂಜಿನಿಯರ್, ಕಚೇರಿ ಸೇರಿ ಎಂಟು ತಿಂಗಳು. "ಗುರುವಾರ ನಾನೇ ಹೇಳಿದ್ದೆ, ಹಳೇ ಮಾಡೆಲ್ ಯಾಕೆ ತೋರಿಸ್ಬೇಕು, ಕನ್‌ಫ್ಯೂಸ್ ಆಗತ್ತೆ ಅಂತ. ಅದನ್ನೇ ಈಗ ಹಿಡ್ಕೊಂಡಿದಾರೆ. ಟೇಬಲ್ ಕೆಳಗೆ ಸಿಕ್ಕಿರೋ ಕಟರ್ ನಂದೇ. ಆದರೆ ಅದು ಯಾವಾಗ್ಲೂ ಅಲ್ಲೇ ಬಿದ್ದಿರತ್ತೆ, ಪೇಪರ್ ಕಟ್ ಮಾಡೋದು."

"ಶುಕ್ರವಾರ ಎಲ್ಲಿದ್ದೆಪ?"

"ಮಾಸ್ಟ್ರಿಕ್ಟ್‌ನಲ್ಲಿ, ಯೂನಿವರ್ಸಿಟಿಲಿ. ಬೆಳಿಗ್ಗೆಯಿಂದ ಸಂಜೆ ಏಳರವರೆಗೆ."

ಮಾದರಿ ಕೋಣೆಯ ನಡುವೆ ಉದ್ದನೆಯ ಮೇಜು. ಅದರ ಮೇಲೆ ಸಾಂತಾ ರೀಟಾ: ಬಿಳಿ ಟರ್ಮಿನಲ್, ಬೆಂಕಿಕಡ್ಡಿ ಗಾತ್ರದ ಕಂಬಗಳು, ಬೂದು ರನ್‌ವೇ, ಎರಡೂ ಬದಿಗೆ ನೀಲಿ ರಾಳ ಹೊಯ್ದು ಮಾಡಿದ ಸಮುದ್ರ. ಪಡುವಣ ತುದಿಯ ಗೇಣುದ್ದದ ಭಾಗವನ್ನು ಹಲಗೆಯ ಸಮೇತ ಅಡ್ಡಕ್ಕೆ ಕೊಯ್ದು ಒಯ್ದಿದ್ದರು. ವತ್ಸಲಾ ಬಾಗಿಲಲ್ಲೇ ನಿಂತರು, ಒಳಗೆ ಬರಲಿಲ್ಲ.

"ಹೋದ ತುಂಡಿನ್ಯಾಗ ಏನೇನ ಇತ್ತು?" ಗೌರಾಬಾಯಿ ಕೇಳಿದರು.

"ಅಂಥದ್ದೇನಿಲ್ಲ," ಎಂದರು ನಂಜುಂಡಸ್ವಾಮಿ. "ಸ್ವಲ್ಪ ಸಮುದ್ರ, ರಸ್ತೆ, ಗೋಡೆ, ಬೀಚು. ಅಷ್ಟೇ."

ಗೌರಾಬಾಯಿ ಎದುರಿನ ಗೋಡೆಯ ಮೇಲೆ ತೂಗುಹಾಕಿದ್ದ ದೊಡ್ಡ ನಕ್ಷೆಯನ್ನು ಒಂದು ಗಳಿಗೆ ನೋಡಿದರು. ಎರಡು ವರ್ಷದ ಹಿಂದೆ ದ್ವೀಪದಲ್ಲಿ ಆ ತುದಿಯ ರಸ್ತೆಯನ್ನು ಹೊಸದಾಗಿ ಮಾಡಿದ್ದು ಆ ನಕ್ಷೆಯ ಪ್ರಕಾರ. ವೈಶಾಲಿಯೂ ನೋಡಿದಳು. ಅದರಲ್ಲಿ ರಸ್ತೆ, ಬೇಲಿ, ತೀರ ಇದ್ದವು; ಕೆಳಗೆ ನಂಜುಂಡಸ್ವಾಮಿಯವರ ಸಹಿ.

ಆಮೇಲೆ ಗೌರಾಬಾಯಿ ಕನ್ನಡಕ ಹಣೆಗೇರಿಸಿ ಕೊಯ್ದ ಅಂಚಿಗೆ ಮೂಗು ತಾಗಿಸುವಷ್ಟು ಬಾಗಿದರು. ರಾಳದ ಅಂಚಿನಲ್ಲಿ ಗರಗಸದ ಹಲ್ಲಿನ ಸಣ್ಣ ಗೀರುಗಳಿದ್ದವು. ರನ್‌ವೇ ಮುಗಿಯುವಲ್ಲಿ ಅಕ್ಕಿಕಾಳಿನಷ್ಟು ದಪ್ಪ ಬೂದು ರಟ್ಟಿನ ಚೂರೊಂದು ಅಂಟಿಕೊಂಡಿತ್ತು. ಮೊಣಕಾಲೂರಿ ಮೇಜಿನಡಿ ಕೈಯಾಡಿಸಿದರು. ನೆಲ ನುಣ್ಣಗಿತ್ತು, ಬೆರಳಿಗೆ ಏನೂ ಹತ್ತಲಿಲ್ಲ. ಹಲಗೆಯ ತಳದಲ್ಲಿ, ಕೊಯ್ತದಿಂದ ನಾಲ್ಕು ಬೆರಳು ಈಚೆಗೆ, ಸಾಲಾಗಿ ಬೋಲ್ಟುಗಳು.

"ವತ್ಸಲಾ, ಇವು ಏನವ್ವ?"

"ಮಾಡೆಲ್ ನಾಕು ಪಾಲಿಂದು ಅಕ್ಕಾರ. ಬೋಲ್ಟ್ ಬಿಚ್ಚಿದ್ರ ಒಂದೊಂದೂ ಬ್ಯಾರೆ ಆಗ್ತದ. ಎರಡು ನಿಮಿಷದ ಕೆಲಸ."

"ಈ ಬೂದು ರಟ್ಟು?"

ವತ್ಸಲಾ ಬಾಗಿಲಿಂದಲೇ ಕತ್ತು ಚಾಚಿದರು. "ದಪ್ಪಂದು ಏನೋ ಅಂಟಿಸಿದ್ದೆ ಅಲ್ಲಿ... ಮರ್ತೀನಿ. ಮೂರು ವರ್ಷ ಆತು."

ಗೌರಾಬಾಯಿ ಮತ್ತೆ ಕೇಳಲಿಲ್ಲ. ಬಿಡದೆ ಕೇಳುವ ಹೆಂಗಸು ಇಲ್ಲಿ ಯಾಕೆ ಬಿಟ್ಟರು ಎಂದು ವೈಶಾಲಿಗೆ ಆಶ್ಚರ್ಯವಾಯಿತು.

ಅಲ್ಲಿಂದ ಅವರು ಕೆಳಗಿನ ಕ್ಯಾಂಟೀನಿಗೆ ಹೋದರು. ಶುಕ್ರವಾರ ಮೂರೂವರೆಯಿಂದ ನಾಲ್ಕೂವರೆಯವರೆಗೆ ಅಲ್ಲಿ ಯಾರದೋ ಹುಟ್ಟುಹಬ್ಬ ನಡೆದಿತ್ತು. ಕಚೇರಿಯವರೆಲ್ಲ ಕೇಕು ತಿನ್ನಲು ಇಳಿದಿದ್ದರು. ಯಾರೋ ಬಣ್ಣದ ಕಾಗದದ ಚೂರುಗಳನ್ನು ತೂರಿ ನೆಲದ ತುಂಬ ಹರಡಿದ್ದರು. ನಂಜುಂಡಸ್ವಾಮಿ ಫೋನು ಬಂತೆಂದು ನಡುವೆ ಎದ್ದು ಹೋಗಿದ್ದರಂತೆ. ವತ್ಸಲಾ ಕೂಡ ಕೈಗೆ ಕ್ರೀಮು ಹತ್ತಿತೆಂದು ಸ್ವಲ್ಪ ಹೊತ್ತು ಹೊರಗಿದ್ದರಂತೆ.

ಗೌರಾಬಾಯಿ ರೂಬಿಗೆ ಫೋನು ಮಾಡಿಸಿದರು. ಶುಕ್ರವಾರ ಐದಕ್ಕೆ ಬಂದೆ, ವ್ಯಾಕ್ಯೂಮ್ ಕ್ಲೀನರಿಗೆ ಹೊಸ ಚೀಲ ಹಾಕಿದೆ, ಮೊದಲು ಮಾದರಿ ಕೋಣೆ, ಆಮೇಲೆ ಕ್ಯಾಂಟೀನು, ಐದೂಮುಕ್ಕಾಲಿಗೆ ಹೊರಟೆ ಎಂದಳು ರೂಬಿ. ಹಜಾರದ ಕಪಾಟಿನಿಂದ ಆ ಚೀಲ ತೆಗೆದು, ಪತ್ರಿಕೆ ಹಾಸಿ, ಗೌರಾಬಾಯಿ ಕತ್ತರಿಯಿಂದ ಮೇಲಿಂದ ಕೆಳಗೆ ಸೀಳಿದರು. ಮೇಲೆ ಬಣ್ಣದ ಕಾಗದದ ಚೂರುಗಳು ತುಂಬಿದ್ದವು. ಅವುಗಳಡಿಯಲ್ಲಿ, ಚೀಲದ ತಳದಲ್ಲಿ, ಮಾಸಲು ನೀಲಿ ಪುಡಿ ಹಿಡಿಯಷ್ಟಿತ್ತು.

ಗೌರಾಬಾಯಿ ಆ ಪುಡಿಯನ್ನು ಬೆರಳುಗಳ ನಡುವೆ ತಿಕ್ಕಿ ನೋಡಿದರು. ಇಂಥ ವೇಳೆ ಅವರ ಕಣ್ಣು ಮಿನುಗುವುದನ್ನು ವೈಶಾಲಿ ಎಷ್ಟೋ ಸಲ ಕಂಡಿದ್ದಳು. ಇವತ್ತು ಅವರು ಕನ್ನಡಕ ತೆಗೆದು ಸೆರಗಿನಿಂದ ಕಣ್ಣೊರೆಸಿಕೊಂಡರು.

"ವೈಶಾಲಿ, ವತ್ಸಲಾನ ಮನಿಗೆ ಕಳಸೂಣೇನು?"

"ಯಾಕ ಗೌರಕ್ಕಾ?"

ಗೌರಾಬಾಯಿ ಸ್ವಲ್ಪ ಯೋಚಿಸಿ ತಲೆಯಾಡಿಸಿದರು. "ಬ್ಯಾಡ. ಆಮ್ಯಾಲ ಯಾರಿಂದರೆ ಕೇಳೂದು ಇನ್ನೂ ಕೆಟ್ಟ. ನೀ ಅಕಿ ಪಕ್ಕದಾಗ ಕೂಡು."

ಮೂರು ಗಂಟೆಗೆ ಎಲ್ಲರೂ ಮಾದರಿ ಕೋಣೆಯಲ್ಲಿ ಸೇರಿದರು. ದ್ವೀಪದಿಂದ ಬಂದ ವಿಚಾರಣಾಧಿಕಾರಿ ಶ್ರೀಮತಿ ಮಾರ್ತಿನಾ, ಹತ್ತಿಯಂತೆ ಬೆಳ್ಳಗಿನ ಕೂದಲಿನ ಎತ್ತರದ ಹೆಂಗಸು, ಮೇಜಿನ ಕೊನೆಯಲ್ಲಿ ಕೂತರು. ಗೌರಾಬಾಯಿ ಕನ್ನಡದಲ್ಲೇ ಮಾತಾಡುತ್ತೇನೆಂದರು. ವೈಶಾಲಿ ಒಂದು ಕೈಯಲ್ಲಿ ವತ್ಸಲಾರ ಕೈ ಹಿಡಿದು, ಮಾರ್ತಿನಾರಿಗೆ ಮೆಲ್ಲಗೆ ಇಂಗ್ಲಿಷಿನಲ್ಲಿ ಹೇಳುತ್ತ ಹೋದಳು.

"ಮೊದಲನೇ ಮಾತು," ಎಂದರು ಗೌರಾಬಾಯಿ. "ಕಾಗದಾ ಕೊಯ್ಯೂ ಕಟರಿನಿಂದ ಈ ರಾಳ ಕೊಯ್ಯಾಕ ಬರೂದಿಲ್ಲ. ಇದು ಗರಗಸದ ಕೆಲಸ. ವತ್ಸಲಾನ ಹತಾರದ ಡಬ್ಬ್ಯಾಗಿಂದು, ಅದಕ್ಕ ಬೀಗ ಇಲ್ಲ. ಗರಗಸ ಆಡಿಸಿದ್ರ ಪುಡಿ ಬೀಳಬೇಕು. ನೆಲದ ಮ್ಯಾಲೆ ಒಂದು ಚಿಟಿಕಿನೂ ಇಲ್ಲ. ಪುಡಿ ಎಲ್ಲಿ ಹೋತು? ರೂಬಿ ಚೀಲದಾಗ. ಅದೂ ತಳದಾಗ, ಕ್ಯಾಂಟೀನಿನ ಬಣ್ಣದ ಕಾಗದದ ಕೆಳಗ. ಅಂದ್ರ ಶುಕ್ರವಾರ ರೂಬಿ ಬರೂದಕ್ಕಿಂತ ಮೊದಲ ಇದನ್ನ ಕೊಯ್ದಾಗಿತ್ತು. ಭಾನುವಾರ ಸಾತ್ವಿಕ್ ಬಂದಾಗ ಬಟ್ಟೀ ಕೆಳಗ ತುದಿ ಇರಲೇ ಇಲ್ಲ."

ಸಾತ್ವಿಕ್ ಎರಡೂ ಕೈಯಿಂದ ಮುಖ ಮುಚ್ಚಿಕೊಂಡ.

"ಕಚೇರಿ ತುಂಬ ಜನ ಇದ್ದಾಗ ಗರಗಸದ ಸಪ್ಪಳ ಕೇಳದ ಇರೂದಿಲ್ಲ, ಶುಕ್ರವಾರ ಎಲ್ಲಾರೂ ಕೇಕಿಗೆ ಇಳದಾಗ ಕೊಯ್ದಿರಬೇಕು. ಆಗ ಅವ ಮಾಸ್ಟ್ರಿಕ್ಟ್‌ನ್ಯಾಗ ಇದ್ದ. ಉಳದ ಕಾರ್ಡು ಎರಡು. ವತ್ಸಲಾಗ ಈ ತುದಿ ಬೇಕಾಗಿದ್ರ ನಾಕು ಬೋಲ್ಟ್ ಬಿಚ್ಚತಿದ್ಲು. ಗರಗಸ ಹಿಡದು ಬೆವರು ಸುರಿಸಿದವರಿಗೆ ಬೋಲ್ಟಿನ ಸಂಗತಿ ಗೊತ್ತಿರಲಿಲ್ಲ." ಗೌರಾಬಾಯಿ ತಿರುಗಿದರು. "ಸ್ವಾಮಿಯವರ, ಶುಕ್ರವಾರ ಆರಕ್ಕ ಬಟ್ಟಿ ಎತ್ತಿದ್ದೆ, ಎಲ್ಲಾ ಸರಿ ಇತ್ತು ಅಂದ್ರಿ. ಆಗಲೇ ಪುಡಿ ಚೀಲ ಸೇರಿತ್ತು. ಯಾಕ ಸುಳ್ಳು ಹೇಳಿದ್ರಿ?"

ನಂಜುಂಡಸ್ವಾಮಿ ಗೋಡೆಯ ಮೇಲಿನ ನಕ್ಷೆಯತ್ತ ಮುಖ ತಿರುಗಿಸಿದರು.

"ಮುಂಜಾನೆ ಇನ್ನೊಂದು ಮಾತು ಹೇಳಿದ್ರಿ. ಹೋದ ತುಂಡಿನ್ಯಾಗ ಗೋಡಿ ಇತ್ತು ಅಂತ. ಅಲ್ನೋಡ್ರಿ, ಆ ನಕ್ಷಾದಾಗ ಗೋಡಿ ಇಲ್ಲ. ಬರೇ ಬೇಲಿ. ಆದ್ರ ಮಾಡೆಲ್ ಅದಕ್ಕಿಂತ ಹಳೇದು. ಅಂಚಿಗೆ ಇನ್ನೂ ಬೂದು ರಟ್ಟಿನ ಚೂರು ಅದ. ಎಂಜಿನ್ ಗಾಳಿ ತಡಿಯೂ ಗೋಡಿ ಅದು. ಮೊದಲಿನ ನಕ್ಷಾದಾಗ ನೀವ ಬರದಿದ್ರಿ. ಆಮ್ಯಾಲ ನೀವ ಅಳಿಸಿದ್ರಿ."

ಮಾರ್ತಿನಾ ತಮ್ಮ ಕಡತದಿಂದ ಒಂದು ಹಾಳೆ ತೆಗೆದರು. "ಗಾಳಿತಡೆ ಗೋಡೆಯ ಸಲಹೆ ಎಂದಾದರೂ ಬಂದಿತ್ತೇ ಎಂದು ನಾವು ಕೇಳಿದ್ದೆವು," ಎಂದರು. "ಎಂದೂ ಬಂದಿರಲಿಲ್ಲ ಎಂಬ ಉತ್ತರಕ್ಕೆ ನಿಮ್ಮ ಸಹಿಯಿದೆ."

ವತ್ಸಲಾ ವೈಶಾಲಿಯ ಕೈಯಿಂದ ತಮ್ಮ ಕೈ ಬಿಡಿಸಿಕೊಂಡರು.

ನಂಜುಂಡಸ್ವಾಮಿ ಎದ್ದು ತಮ್ಮ ಕೋಣೆಗೆ ಹೋದರು. ಯಾರೂ ತಡೆಯಲಿಲ್ಲ. ಮರಳಿ ಬಂದಾಗ ಅವರ ಕೈಯಲ್ಲಿ ಉಣ್ಣೆಯ ಮಫ್ಲರಿನಲ್ಲಿ ಸುತ್ತಿದ ತುಂಡು ಇತ್ತು. ಮೇಜಿನ ಮೇಲಿಟ್ಟು ಬಿಚ್ಚಿದರು. ನೀಲಿ ಸಮುದ್ರ, ರಸ್ತೆ, ಬೆರಳೆತ್ತರದ ಬೂದು ಗೋಡೆ. ತೀರದ ಮೇಲೆ ಗುಂಡುಸೂಜಿಯಷ್ಟು ಪುಟ್ಟ ಮನುಷ್ಯರು.

"ದ್ವೀಪದ ಹೋಟೆಲಿನವರು ಗೋಡೆ ಬೇಡ ಅಂದ್ರು," ಎಂದರು, ಯಾರನ್ನೂ ನೋಡದೆ. "ಜನ ಬರೋದೇ ವಿಮಾನ ಹತ್ತಿರದಿಂದ ನೋಡೋಕೆ, ಅಡ್ಡ ಕಟ್ಟಿದರೆ ಯಾರು ಬರ್ತಾರೆ ಅಂದ್ರು. ಎಚ್ಚರಿಕೆ ಬೋರ್ಡು ಹಾಕಿದ್ರೆ ಸಾಕು ಅಂದ್ಕೊಂಡೆ. ಅಳಿಸಿದೆ. ಓದು ಮುಗೀತಲ್ಲ, ಹೋಗ್ಬಾ, ನಿನ್ನ ಮಾಮ ಮಾಡಿರೋ ಏರ್‌ಪೋರ್ಟ್ ನೋಡ್ಕೊಂಡ್ ಬಾ ಅಂತ ದೀಕ್ಷಾಗೆ ಟಿಕೆಟ್ ತೆಗೆಸಿಕೊಟ್ಟವನೂ ನಾನೇ."

ವೈಶಾಲಿಗೆ ಇಂಗ್ಲಿಷು ಹೊರಡಲಿಲ್ಲ. ಮಾರ್ತಿನಾ ಕೈ ಅಡ್ಡ ಮಾಡಿ, ಬೇಡ, ಅರ್ಥವಾಯಿತು ಎಂಬಂತೆ ಸನ್ನೆ ಮಾಡಿದರು.

"ಸುಟ್ಟುಬಿಡೋಣ ಅಂತ ಕಾರಲ್ಲಿ ತಗೊಂಡು ಹೋದೆ. ಆಗ ಇವರನ್ನ ನೋಡಿದೆ." ಅವರು ಪುಟ್ಟ ಮನುಷ್ಯರತ್ತ ಬೆರಳು ಮಾಡಿದರು. "ಇದಕ್ಕೆಲ್ಲ ಬಣ್ಣ ಹಚ್ಚಿದ್ದು ದೀಕ್ಷಾ. ರಜೆಗೆ ಬಂದಾಗ. ಹಳದಿ ಫ್ರಾಕಿನವಳು ತಾನಂತೆ. ಪಕ್ಕದಲ್ಲಿ ಹೊಟ್ಟೆ ಬಂದಿರೋನು ಸ್ವಾಮಿಮಾಮ ಅಂತೆ. ಸುಡೋಕಾಗ್ಲಿಲ್ಲ. ಸಾತ್ವಿಕ್, ನಿನ್ನ ಮೇಲೆ ಹಾಕಬೇಕು ಅಂತಿರ್ಲಿಲ್ಲಪ್ಪ. ಕಾರ್ಡಿನ ಪಟ್ಟಿ ಓದಿದಾಗ ಸುಮ್ಮನಿದ್ದುಬಿಟ್ಟೆ. ವತ್ಸಲಾಗೆ ತಿಳಿಯದಿದ್ರೆ ಸಾಕಾಗಿತ್ತು ನಂಗೆ."

ವತ್ಸಲಾ ಎದ್ದರು. ಬೆಳಗಿನಿಂದ ದಾಟದಿದ್ದ ದೂರವನ್ನು ದಾಟಿ ಮಾದರಿಯ ಹತ್ತಿರ ಬಂದರು.

"ಅಣ್ಣಾರ," ಎಂದರು. "ಗೋಡಿ ಇದ್ದಿದ್ರ ಅಕಿ ಉಳೀತಿದ್ಲೇನು?"

ನಂಜುಂಡಸ್ವಾಮಿ ಆ ಬೂದು ಗೋಡೆಯನ್ನು ಬೆರಳಿನಿಂದ ಮುಟ್ಟಿದರು.

"ಉಳೀತಿದ್ಲು."

"ಅಕಿ ಹೆಣದ ಮುಂದ ನನ್ನ ಹಿಡಕೊಂಡು ಕೂತಿದ್ರಿ ನೀವು. ಹಣೆಬರಹ ತಾಯಿ, ಯಾರ ತಪ್ಪೂ ಅಲ್ಲ ಅಂದಿದ್ರಿ."

ನಂಜುಂಡಸ್ವಾಮಿ ಕೈ ಮುಗಿದರು. "ವತ್ಸಲಾ, ನನ್ನ..."

"ನನಗ ಏನೂ ಹೇಳಬ್ಯಾಡ್ರಿ. ನನಗ ಹೇಳಿದ್ರ ನನ್ನ ಮಗಳು ಎದ್ದು ಬರೂದಿಲ್ಲ. ಇವರಿಗೆ ಹೇಳ್ರಿ." ವತ್ಸಲಾ ಮಾರ್ತಿನಾರತ್ತ ತೋರಿಸಿದರು. "ಎಲ್ಲಾ ಹೇಳ್ರಿ. ಆ ಬೇಲಿ ಹಿಡಕೊಂಡು ಇವತ್ತೂ ಯಾರದರೆ ಮಕ್ಕಳು ನಿಂತಿರ್ತಾವ."

ನಂಜುಂಡಸ್ವಾಮಿ ಸಂಜೆಯವರೆಗೆ ಕೂತು ಎಲ್ಲವನ್ನೂ ಹೇಳಿ ಸಹಿ ಹಾಕಿದರು. ಮರುದಿನವೇ ಕೆಲಸ ಬಿಟ್ಟರು. ಕಚೇರಿಯವರು ಸಾತ್ವಿಕ್‌ನ ಕ್ಷಮೆ ಕೇಳಿದರು. ಅವನ ಕೆಲಸ, ಪರ್ಮಿಟ್ಟು ಎರಡೂ ಉಳಿದವು. ಆ ಸೋಮವಾರ ಟ್ರಾಮಿನಲ್ಲಿ ಮನೆಗೆ ಬರುವಾಗ ಗೌರಾಬಾಯಿ ಒಂದೇ ಒಂದು ಮಾತಾಡಿದರು: "ಪತ್ತೆ ಹಚ್ಚದ ಇದ್ದಿದ್ರ ವತ್ಸಲಾಗ ಒಬ್ಬ ಅಣ್ಣ ಆದ್ರೂ ಉಳೀತಿದ್ದ."

ನವೆಂಬರ್ ಕೊನೆಗೆ ವಿಚಾರಣೆಯವರು ಸಾಕ್ಷಿ ಹೇಳಲು ವತ್ಸಲಾರನ್ನು ದ್ವೀಪಕ್ಕೆ ಕರೆಸಿಕೊಂಡರು. ವೈಶಾಲಿ ರಜೆ ಹಾಕಿ ಜೊತೆಗೆ ಹೋದಳು. ಆ ತುದಿಯ ರಸ್ತೆಯನ್ನು ಅಷ್ಟರಲ್ಲಿ ಮುಚ್ಚಿದ್ದರು. ಗೋಡೆಯ ಕೆಲಸ ಹೊಸ ವರ್ಷಕ್ಕೆ ಶುರುವಾಗುವುದೆಂದು ಮಾರ್ತಿನಾ ಬರೆದಿದ್ದರು. ಒಂಬತ್ತು ಗಂಟೆಯ ಹಾರಾಟದಲ್ಲಿ ವತ್ಸಲಾ ಕಣ್ಣು ಮುಚ್ಚಲಿಲ್ಲ. ವಿಮಾನ ಸಮುದ್ರದ ಮೇಲೆ ತಗ್ಗಿ, ತೀರದ ಮೇಲೆ ಹಾದು, ನೆಲ ಮುಟ್ಟಿತು. ಪ್ರಯಾಣಿಕರೆಲ್ಲ ಕಿಟಕಿಗೆ ಮುಗಿಬಿದ್ದು ಕೂಗಿ ಚಪ್ಪಾಳೆ ತಟ್ಟಿದರು. ವತ್ಸಲಾ ಮುಂದಿನ ಸೀಟಿನ ಬೆನ್ನನ್ನೇ ನೋಡುತ್ತಿದ್ದರು.

ಟರ್ಮಿನಲ್‌ನಲ್ಲಿ ಬಿಸಿಲಿತ್ತು, ಎಲ್ಲೋ ಡೋಲು ಬಾರಿಸುತ್ತಿದ್ದರು. ಹುಲ್ಲಿನ ಟೋಪಿಗಳ ಉದ್ದನೆಯ ಸಾಲು. ಗಾಜಿನ ಹಿಂದೆ ಕೂತಿದ್ದ ಎಳೆಯ ವಯಸ್ಸಿನ ಅಧಿಕಾರಿ ವತ್ಸಲಾರ ಪಾಸ್‌ಪೋರ್ಟ್ ತಿರುವಿಹಾಕುತ್ತ ನಕ್ಕಳು.

"ರಜೆಗೆ ಬಂದಿರಾ ಅಮ್ಮಾ?"

ವೈಶಾಲಿ ಉತ್ತರಿಸಲು ಬಾಯಿ ತೆರೆದಳು. ಅಷ್ಟರಲ್ಲಿ ವತ್ಸಲಾ ತಮ್ಮ ಹರಕು ಇಂಗ್ಲಿಷಿನಲ್ಲಿ ತಾವೇ ಹೇಳಿದರು.

"ಇಲ್ಲ. ನನ್ನ ಮಗಳು ಇಲ್ಲಿದ್ದಾಳೆ."

"ಓಹ್, ಎಷ್ಟು ಚೆನ್ನ," ಎಂದಳು ಆ ಹುಡುಗಿ, ಮುದ್ರೆ ಒತ್ತಿ. "ಅವಳ ಜೊತೆ ಸಂತೋಷವಾಗಿ ಇದ್ದುಹೋಗಿ."

"ಆಗಲಿ," ಎಂದು ವತ್ಸಲಾ ಪಾಸ್‌ಪೋರ್ಟ್ ತೆಗೆದುಕೊಂಡು ಬಿಸಿಲಿಗೆ ನಡೆದರು.