ಐದನೆಯ ಬೆಂಗಾಲೆನ್ಸಿಸ್

ಗಂಗಹನುಮಯ್ಯ ಮೇಷ್ಟ್ರಿಗೆ ನೋಡಲು ಉಳಿದಿದ್ದು ಒಂದೇ.

ಆಲದ ಮರ, ರಣಹದ್ದು, ಉಡ, ಗುಳ್ಳೆನರಿ, ಕೊಂಬಿನ ಗೂಬೆ. ಈ ಐದಕ್ಕೂ ಲ್ಯಾಟಿನ್ನಿನಲ್ಲಿ ಕೊನೆಯ ಹೆಸರು ಬೆಂಗಾಲೆನ್ಸಿಸ್. ಮೊದಲ ನಾಲ್ಕನ್ನು ಅವರು ಚನ್ನರಾಯನದುರ್ಗದ ಸುತ್ತಲೇ ಕಂಡಿದ್ದರು. ಗೂಬೆಯ ದನಿಯನ್ನಷ್ಟೇ ಕೇಳಿದ್ದರು. ಈಗ ಕಣ್ಣಿನ ನರ ಒಣಗುತ್ತ ಬಂದಿತ್ತು. ಮುಂದಿನ ಬೇಸಗೆಯ ಹೊತ್ತಿಗೆ ಬೆಳಕೂ ಕಾಣಲಿಕ್ಕಿಲ್ಲ ಎಂದು ಡಾಕ್ಟರು ಹೇಳಿಬಿಟ್ಟಿದ್ದರು. ಹಾಗಾಗಿ ಎಪ್ಪತ್ತೊಂಬತ್ತನೇ ಇಸವಿಯ ಶಿವರಾತ್ರಿ ಕಳೆದ ಮೇಲೆ ಹಳೆಯ ಶಿಷ್ಯ ಜಯರಾಮಯ್ಯನ ತೋಳು ಹಿಡಿದು, ನಸುಕಿಗೇ ಬೆಟ್ಟದ ಬುಡದ ಹಟ್ಟಿಗೆ ಬಂದರು.

ಹಟ್ಟಿಯ ಗಂಡಸರು ಕುರಿ ಹೊಡೆದುಕೊಂಡು ಪಾವಗಡದ ಕಡೆ ಹೋಗಿದ್ದರು. ದಾರಿ ತೋರಿಸಲು ಇದ್ದವಳು ಈರಕ್ಕ ಒಬ್ಬಳೇ. ಮೂರನೇ ಕ್ಲಾಸಿಗೇ ಸ್ಕೂಲು ಬಿಟ್ಟು ಮೇಕೆಗಳ ಹಿಂದೆ ಬಿದ್ದ ಹುಡುಗಿ. ಹೊರಗಿನವರ ಮುಂದೆ ಬಾಯಿ ಬಿಡುತ್ತಿರಲಿಲ್ಲ.

"ಗೂಬೆ ಎಲ್ಲಿ ಕೂರುತ್ತಮ್ಮ?" ಎಂದು ಜಯರಾಮಯ್ಯ ಕೇಳಿದ್ದೇ ತಡ, ಅವಳ ಅಜ್ಜಿ ಗಿರಿಯಮ್ಮ ಒಳಗಿಂದ ಬಂದಳು.

"ಥೂ! ಒತ್ತಾರೆ ಎದ್ದು ಅದ್ರ ಹೆಸ್ರು ಎತ್ತಬ್ಯಾಡ್ರಪ್ಪ. ಮನೆಯಾಗೆ ಬಸ್ರಿ ಹೆಂಗ್ಸು ಅವ್ಳೆ."

"ಹಂಗಾದ್ರೆ ಬೆಂಗಾಲೆನ್ಸಿಸ್ ಅನ್ನೋಣ ಬುಡಮ್ಮ," ಎಂದು ಮೇಷ್ಟ್ರು ನಕ್ಕರು.

"ಅದೇನಾನ ಅನ್ಕಳಿ. ಮಗೀನ ಮಾತ್ರ ಉಷಾರಾಗಿ ಕರ್ಕಂಬನ್ನಿ."

ಅದು ಜಾಲಾರಿ ಮರಗಳು ಹೂ ಬಿಡುವ ಕಾಲ. ಗುಂಡುಬಂಡೆಗಳ ಸಂದಿಯಿಂದ ತಂಗಾಳಿ ಬೀಸಿದಾಗಲೆಲ್ಲ ಇಡೀ ಇಳಿಜಾರು ಘಮ್ಮೆನ್ನುತ್ತಿತ್ತು. ಕೆಳಗೆ ಕೆರೆಯಂಚಿನ ದೊಡ್ಡ ಆಲದಲ್ಲಿ ರಣಹದ್ದುಗಳು ರೆಕ್ಕೆ ಅರಳಿಸಿ ಬಿಸಿಲು ಕಾಯಿಸಿಕೊಳ್ಳುತ್ತಿದ್ದವು. ಬಿಸಿಲೇರಿದಂತೆ ಒಂದೊಂದಾಗಿ ಎದ್ದು, ದುರ್ಗದ ಕೋಟೆಗೋಡೆಯ ಮೇಲೆ ಸುತ್ತು ಹಾಕುತ್ತ ಚುಕ್ಕೆಗಳಾದವು. ಆಗಿನ್ನೂ ರಣಹದ್ದುಗಳಿದ್ದವು. ಅವು ಒಂದು ದಿನ ಇಲ್ಲವಾಗುತ್ತವೆ ಎಂದು ಆ ಬೆಳಿಗ್ಗೆ ಯಾರಾದರೂ ಹೇಳಿದ್ದರೆ ಮೂವರೂ ನಗುತ್ತಿದ್ದರು.

ತಡವಾಗಿ ಎದ್ದ ಒಂದರ ರೆಕ್ಕೆಯ ಸದ್ದಿಗೆ ಮೇಷ್ಟ್ರು ಮುಖವೆತ್ತಿದರು. "ಮರವೂ ಬೆಂಗಾಲೆನ್ಸಿಸ್, ಅದರ ಮೇಲೆ ಗೂಡು ಕಟ್ಟೋದೂ ಬೆಂಗಾಲೆನ್ಸಿಸ್. ಹೆಸರಿಟ್ಟೋರು ಬಂಗಾಳದ್ದು ಅಂತ ಇಟ್ಟುಬಿಟ್ಟರು. ವಿಚಿತ್ರ ಅನ್ಸುತ್ತಾ ಈರಕ್ಕ?"

ಈರಕ್ಕ ಬೆನ್ನು ತಿರುಗಿಸಿಕೊಂಡೇ ಹೇಳಿದಳು. "ನಮ್ಮಟ್ಟೀಲಿ ಎಲ್ರೂ ಕ್ಯಾತಪ್ಪನೇ. ದ್ಯಾವ್ರ ಹೆಸ್ರು ಮೇಷ್ಟ್ರೇ. ದ್ಯಾವ್ರಿಗೆ ಬುಟ್ಟ ಟಗರೂ ಕ್ಯಾತಪ್ಪನೇ."

"ಕರೆದ್ರೆ ಯಾರು ಬರ್ತಾರೆ?"

"ಮುಂದಕ್ಕೊಂದು ಸೇರುಸ್ತೀವಿ. ಕುಂಟ್ ಕ್ಯಾತಪ್ಪ, ಕೆಂಪ್ ಕ್ಯಾತಪ್ಪ, ಇಂಗೆ."

"ಅವರೂ ಅದನ್ನೇ ಮಾಡಿದ್ದು ಕಣಮ್ಮ! ಆಲಕ್ಕೆ ಮುಂದೆ ಫೈಕಸ್, ಗೂಬೆಗೆ ಬ್ಯೂಬೊ."

"ಬ್ಯೂಬೊ," ಎಂದು ಈರಕ್ಕ ಬಾಯೊಳಗೇ ಅಂದುಕೊಂಡಳು. ನಗು ಬಂತು, ಸೆರಗಿನಲ್ಲಿ ಮುಚ್ಚಿಕೊಂಡಳು.

ಕೊರಕಲಿನ ಬಾಯಿಗೆ ಬಂದಾಗ ಆ ನಗು ಹಾರಿಹೋಯಿತು. ಒಳಗೆಲ್ಲ ಕರಿ ಬೂದಿ. ಹಳೆಯ ಹುಲ್ಲು ಸುಟ್ಟರೆ ಮೊದಲ ಮಳೆಗೆ ಒಳ್ಳೆಯ ಚಿಗುರು ಬರುತ್ತದೆಂದು ಹಟ್ಟಿಯವರು ವರ್ಷವೂ ಬೆಂಕಿ ಇಡುತ್ತಿದ್ದರು. ಈ ಸಲ ಅದು ಕೊರಕಲಿಗೂ ಇಳಿದಿತ್ತು. ಗೂಬೆ ಕೂರುತ್ತಿದ್ದ ಗೂಡುಬಂಡೆ ಮಸಿಯಾಗಿತ್ತು.

"ಮೇವು ಒಂದನ್ನೇ ನೋಡುದ್ವಿ," ಎಂದಳು. "ಇದ್ರ ಮನೆ ಇಲ್ಲೈತೆ ಅಂತ ನೆನಪೇ ಆಗ್ಲಿಲ್ಲ."

ಅಷ್ಟರಲ್ಲಿ ಬಂಡೆಯ ಹಿಂದೆ ಏನೋ ಉಸಿರು ಬಿಟ್ಟಿತು.

ಕರಡಿ.

"ಯಾರದು?" ಎಂದು ಮೇಷ್ಟ್ರು ಬಾಯಿ ತೆರೆದರು. ಈರಕ್ಕ ಅಂಗೈಯಿಂದ ಅವರ ಬಾಯಿ ಮುಚ್ಚಿದಳು.

ಕರಡಿ ಹಿಂಗಾಲ ಮೇಲೆ ಎದ್ದು ನಿಂತಿತು. ಮೂಗು ಆಡಿಸಿತು. ಗಾಳಿ ಅದರ ಕಡೆಯಿಂದ ಬೀಸುತ್ತಿತ್ತು, ಇವರ ವಾಸನೆ ಅದಕ್ಕೆ ಸಿಗಲಿಲ್ಲ. ಜಯರಾಮಯ್ಯ ಕಣ್ಣು ಮುಚ್ಚಿಕೊಂಡ. ಯಾರೂ ಕದಲಲಿಲ್ಲ.

ಕೊನೆಗೆ ಅದು ಧೊಪ್ಪನೆ ಇಳಿದು, ಗೊಣಗುತ್ತ ಲಾಂಟಾನ ಪೊದೆಯೊಳಗೆ ನುಗ್ಗಿತು.

"ಸಾಕು ಸಾರ್, ವಾಪಸ್ ಹೋಗೋಣ," ಎಂದ ಜಯರಾಮಯ್ಯ. "ಮುಂದಿನ ವರ್ಷ ಬರೋಣ."

"ಮುಂದಿನ ವರ್ಷ ನೀನು ನೋಡ್ತೀಯ ಕಣಯ್ಯ," ಎಂದರು ಮೇಷ್ಟ್ರು ಮೆಲ್ಲಗೆ.

ಜಯರಾಮಯ್ಯ ಮತ್ತೆ ಅವರ ತೋಳು ಹಿಡಿದ.

ಈರಕ್ಕ ಗುಂಡು ಹತ್ತಿ ಸುತ್ತ ನೋಡಿದಳು. ಆಚೆಯ ಕೊರಕಲಿನ ಮೇಲೆ ಕಾಗೆಗಳು ಒಂದೇ ಸಮನೆ ಬೈಯುತ್ತಿದ್ದವು. ಹಗಲಲ್ಲಿ ಕಾಗೆ ಹಾಗೆ ಬೈಯುವುದು ಗೂಬೆ ಕಂಡಾಗ. ಆದರೆ ನಡುವೆ ಹಾಸುಬಂಡೆಯಿತ್ತು, ಕೆಳಗೆ ಪ್ರಪಾತ.

"ಕುಂತ್ಕಂಡು ಬನ್ನಿ ಮೇಷ್ಟ್ರೇ. ನಾನ್ ಕಾಲ್ ಇಟ್ಟಲ್ಲಿ ಕೈ ಇಡಿ."

ಮೇಷ್ಟ್ರು ಅಂಬೆಗಾಲಿಟ್ಟರು. ನಡುವೆ ಮೊಣಕಾಲು ಜಾರಿತು. ಪಂಚೆ ಹರಿಯಿತು. ಹಿಂದಿನಿಂದ ಜಯರಾಮಯ್ಯ ಸೊಂಟ ಹಿಡಿದ, ಮುಂದಿನಿಂದ ಈರಕ್ಕ ಮಣಿಕಟ್ಟು ಎಳೆದಳು. ಮೊಣಕೈ ತರಚಿಕೊಂಡು ಆಚೆ ಸೇರಿದರು.

ಗೂಬೆ ಅಲ್ಲಿತ್ತು. ನೆರಳಿನ ಬಂಡೆಯಲ್ಲಿ, ಬಂಡೆಯದೇ ಬಣ್ಣದಲ್ಲಿ, ಕಣ್ಣು ಮುಚ್ಚಿ.

"ಎದುರಿಗೇ ಇದೆ ಸಾರ್!" ಎಂದು ಜಯರಾಮಯ್ಯ ಪಿಸುಗುಟ್ಟಿದ.

ಮೇಷ್ಟ್ರು ದಿಟ್ಟಿಸಿದರು. "ಬರೀ ಕಲ್ಲು ಕಣಯ್ಯ. ಎಲ್ಲಾ ಒಂದೇ ಥರ."

ಈರಕ್ಕ ಅವರ ಮುಖ ನೋಡಿದಳು. ಹೊಳೆಯುವ ಬಣ್ಣವಿದ್ದರೆ ಮಾತ್ರ ಅವರಿಗೆ ಕಾಣುತ್ತದೆ ಎಂದು ದಾರಿಯುದ್ದಕ್ಕೂ ಗಮನಿಸಿದ್ದಳು; ಹಳದಿ ಹೂಬಿಟ್ಟ ತಂಗಡಿ ಗಿಡಕ್ಕೆ ಕೈ ಚಾಚಿದ್ದರು, ಹಸಿರು ಗಿಡಕ್ಕೆ ಎಡವಿದ್ದರು. ಗೂಬೆ ಕಣ್ಣು ತೆರೆಯಬೇಕು, ಹಾರಬಾರದು. ಉಪಾಯ ಗೊತ್ತಿತ್ತು. ಆದರೆ ಗಂಡಸರ ಮುಂದೆ, ಓದಿದವರ ಮುಂದೆ!

ಕಿವಿಯೆಲ್ಲ ಬಿಸಿಯಾಯಿತು. ಸೆರಗು ತಲೆಯ ಮೇಲೆಳೆದುಕೊಂಡು ತಾಯಿ ಕಾಣದ ಮೇಕೆಮರಿಯಂತೆ ಸಣ್ಣಗೆ, ಎಳೆದು, ಕೂಗಿದಳು.

"ಮ್ಯಾಆಆ..."

ಗೂಬೆಯ ಕೊಂಬಿನಂಥ ಗರಿಗಳು ನೆಟ್ಟಗಾದವು. ಕತ್ತು ತಿರುಗಿತು. ಕಣ್ಣು ತೆರೆಯಿತು. ಎರಡು ಕೆಂಡ.

"ಓ!" ಎಂದರು ಮೇಷ್ಟ್ರು. ಅವರ ಬೆರಳುಗಳು ಜಯರಾಮಯ್ಯನ ತೋಳನ್ನು ಒತ್ತಿ ಹಿಡಿದಿದ್ದವು. ಗೂಬೆ ಅವರನ್ನು ನೋಡಿತು, ಅವರು ಗೂಬೆಯನ್ನು. ಅದು ಎದ್ದು ಸದ್ದಿಲ್ಲದೆ ಕಣಿವೆಗೆ ಇಳಿಯುವವರೆಗೂ ಹಾಗೇ ಇದ್ದರು.

ಸುತ್ತುದಾರಿಯಲ್ಲಿ ಇಳಿದು ಕೊರಟಗೆರೆ ರಸ್ತೆ ಸೇರುವಾಗ ಸಂಜೆಯಾಗಿತ್ತು. ಬಸ್ಸು ಬಂತು. ಮೇಷ್ಟ್ರು ಮೆಟ್ಟಿಲಿಗಾಗಿ ಕಾಲಾಡಿಸುವುದನ್ನು ಕಂಡು ಕಂಡಕ್ಟರು ಕೈ ನೀಡಿದ.

"ಹುಷಾರು ಯಜಮಾನ್ರೇ. ಕಣ್ಣು ಕಾಣಕಿಲ್ವಾ?"

"ಕಾಣ್ತು ಕಣಪ್ಪ," ಎಂದರು ಮೇಷ್ಟ್ರು. "ಇವತ್ತು ಚೆನ್ನಾಗಿ ಕಾಣ್ತು."

ಕಂಡಕ್ಟರು ಸೀಟಿ ಊದಿದ. ಮೇಷ್ಟ್ರು ಕಿಟಕಿಯಿಂದ ತರಚಿದ ಕೈ ಆಚೆ ಹಾಕಿ, ಈರಕ್ಕ ನಿಂತಿರಬಹುದೆಂದುಕೊಂಡ ಕಡೆಗೆ ಬೀಸಿದರು. ಅವಳು ನಿಂತಿದ್ದು ಬಸ್ಸಿನ ಇನ್ನೊಂದು ಬದಿಗೆ. ಓಡಿ ಈ ಬದಿಗೆ ಬಂದು, ತಾನೂ ಕೈ ಬೀಸಿದಳು.