ಎಂಟು ಗಂಟೆಯ ಇಂಜೆಕ್ಷನ್

ಆಸ್ಪತ್ರೆಯ ಎರಡನೇ ಮಹಡಿಯ ಕಾರಿಡಾರಿನಲ್ಲಿ ಅವಳು ಅವನಿಗೆ ಅಡ್ಡವಾಗಿ ನಿಂತಳು.

"ಈ ಕಾಗದದ ಮೇಲಿರೋ ಸಹಿ ನಿಮ್ಮದೇನಾ?"

ಅವನು ನೋಡಿದ. ತನ್ನದೇ.

"ಹೌದು... ಯಾಕೆ?"

ಅವಳು ಕಾಗದವನ್ನು ಅವನ ಕೈಯಲ್ಲೇ ಬಿಟ್ಟು ಮೆಟ್ಟಿಲಿಳಿದು ಹೋದಳು.

ಅವಳು ಹೃದ್ರೋಗ ವಾರ್ಡಿನ ನರ್ಸ್. ಅವನು ಆಸ್ಪತ್ರೆಯ ಕಂಪ್ಯೂಟರುಗಳನ್ನು ನೋಡಿಕೊಳ್ಳುವವನು. ನರ್ಸುಗಳೆಲ್ಲ 'ವೈರು ಸಾಹೇಬ್ರು' ಎಂದು ಅವನ ಕಾಲೆಳೆಯುತ್ತಿದ್ದರು. ಆರು ತಿಂಗಳಿಂದ ಇಬ್ಬರೂ ಕ್ಯಾಂಟೀನಿನ ಮೂಲೆಯಲ್ಲಿ ಒಟ್ಟಿಗೆ ಊಟ ಮಾಡುತ್ತಿದ್ದರು. ಮನಸ್ಸಿನಲ್ಲಿದ್ದುದನ್ನು ಯಾರೂ ಬಾಯಿಬಿಟ್ಟು ಹೇಳಿರಲಿಲ್ಲ. ಅವಳ ಡಬ್ಬಿ ದಿನದಿನಕ್ಕೆ ದೊಡ್ಡದಾಗುತ್ತಿರುವುದನ್ನು ಕಂಡು ಮನೆಯಲ್ಲಿ ಅವಳ ಅತ್ತಿಗೆ ಮಾತ್ರ, ಇನ್ನೊಂದು ಹೊಟ್ಟೆ ಯಾರದಮ್ಮಾ ಎಂದು ಕೇಳಿ ನಕ್ಕಿದ್ದಳು.

ಹೋದ ವಾರ ನಾಲ್ಕನೇ ಹಾಸಿಗೆಯಲ್ಲಿದ್ದ ವಯಸ್ಸಾದ ಟೈಲರ್ ತೀರಿಕೊಂಡರು. ಅವರಿಗೆ ಬೆಳಿಗ್ಗೆ ಎಂಟಕ್ಕೆ ಇಂಜೆಕ್ಷನ್ ಕೊಡಬೇಕಿತ್ತು. ಅವಳು ಕೊಟ್ಟು, ಆಗಲೇ ಕಂಪ್ಯೂಟರಿನಲ್ಲಿ ದಾಖಲಿಸಿದ್ದಳು. ಸಮಯವನ್ನು ಯಂತ್ರವೇ ಹಾಕಿಕೊಳ್ಳುತ್ತಿತ್ತು. ಆದರೆ ಟೈಲರ್ ಮಗಳು ದೂರು ಕೊಟ್ಟ ಮೇಲೆ ತೆಗೆಸಿದ ದಾಖಲೆಯಲ್ಲಿ ಹತ್ತೂವರೆ ಎಂದಿತ್ತು. ದಾಖಲೆ ಸರಿಯಿದೆ ಎಂದು ಕೆಳಗೆ ಅವನ ಸಹಿ.

ಅವಳನ್ನು ವಾರ್ಡಿನಿಂದ ತೆಗೆದು ಬಟ್ಟೆ ಕೋಣೆಗೆ ಹಾಕಿದರು. ಊಟಕ್ಕೆ ಕ್ಯಾಂಟೀನಿಗೂ ಹೋಗದೆ ಹೊದಿಕೆ ಮಡಿಸುತ್ತಾ ಅವಳು ತನ್ನನ್ನೇ ಕೇಳಿಕೊಂಡಳು... ನಿಜವಾಗಿಯೂ ಎಂಟಕ್ಕೇ ಕೊಟ್ಟೆನಾ? ಮೂರು ದಿನ ಕಳೆಯುವಷ್ಟರಲ್ಲಿ ಅವಳಿಗೆ ತನ್ನ ನೆನಪಿನ ಮೇಲೇ ನಂಬಿಕೆ ಹೋಗಿತ್ತು. ಸಹಿ ಹಾಕುವ ಮೊದಲು ಅವನಾದರೂ ಒಂದು ಮಾತು ಕೇಳಬಾರದಿತ್ತೇ? ಟೈಲರ್ ಸಾವಿನ ನೋವಿಗಿಂತ ಬೇರೆಯಾದ ಇನ್ನೊಂದು ನೋವು ಎದೆಯಲ್ಲಿ ಕೂತಿತ್ತು.

ಅವನು ಆ ಕಾಗದವನ್ನು ಸರಿಯಾಗಿ ಓದಿದ್ದು ಅವಳು ಕಾರಿಡಾರಿನಲ್ಲಿ ಅದನ್ನು ಬಿಟ್ಟುಹೋದ ಮೇಲೆಯೇ. ದಿನಕ್ಕೆ ಹತ್ತಾರು ಕಾಗದಗಳಿಗೆ ಹಾಕುವಂತೆ ಇದಕ್ಕೂ ಕಣ್ಣಾಡಿಸಿ ಸಹಿ ಹಾಕಿದ್ದ. ನರ್ಸಿನ ಹೆಸರಿನ ಜಾಗದಲ್ಲಿ ಅವಳ ಹೆಸರಿತ್ತು.

ಔಷಧ ವಿಭಾಗಕ್ಕೆ ಓಡಿದ. ಅಲ್ಲಿನ ಕೈಬರಹದ ಪುಸ್ತಕದಲ್ಲಿ, ಆ ಇಂಜೆಕ್ಷನ್ ಅವಳ ಕೈ ಸೇರಿದ್ದು ಏಳೂ ಐವತ್ತಕ್ಕೆ ಎಂದಿತ್ತು. ಬೇರೆ ನರ್ಸುಗಳ ದಾಖಲೆಗಳನ್ನು ತೆಗೆದು ಆ ಪುಸ್ತಕದ ಜೊತೆ ಹೋಲಿಸಿದ. ಎಲ್ಲವೂ ಎರಡೂವರೆ ಗಂಟೆ ಮುಂದೆ.

ದಾಖಲೆಗಳನ್ನು ಇಡುವ ಕಂಪ್ಯೂಟರ್ ಬೀಗ ಹಾಕಿದ ಕೋಣೆಯಲ್ಲಿತ್ತು. ಹಳೆಯದು ಕೆಟ್ಟಿದ್ದರಿಂದ ಹತ್ತು ದಿನದ ಹಿಂದೆ ಅವನೇ ಹೊಸದನ್ನು ಕೂರಿಸಿದ್ದ. ಕಪ್ಪು ಪರದೆ ತೆರೆದು ಟೈಮ್ ಝೋನ್ ಯಾವುದೆಂದು ಕೇಳುವ ಒಂದು ಸಾಲು ಟೈಪ್ ಮಾಡಿದ. ಎಲ್ಲೋ ದೂರದ ನಗರವೊಂದರ ಹೆಸರು ಬಂತು. ಗಡಿಯಾರದಲ್ಲಿ ದೋಷವಿರಲಿಲ್ಲ, ಯಂತ್ರ ಯಾವ ಊರಿನಲ್ಲಿದೆ ಎಂದು ತಿಳಿಸುವುದನ್ನೇ ಅವನು ಮರೆತಿದ್ದ.

ಇನ್ನೊಂದು ಸಾಲು ಟೈಪ್ ಮಾಡಿದರೆ ಸರಿಹೋಗುತ್ತಿತ್ತು. ಯಾರಿಗೂ ಗೊತ್ತಾಗುತ್ತಿರಲಿಲ್ಲ. ಅವನು ಕೀಬೋರ್ಡಿನಿಂದ ಕೈ ತೆಗೆದ. ಹೋಗಿ ಮುಖ್ಯ ವೈದ್ಯರನ್ನೂ ದೂರಿನ ವಿಚಾರಣೆಗೆ ಬಂದಿದ್ದ ಟೈಲರ್ ಮಗಳನ್ನೂ ಕರೆತಂದು ಪರದೆ ತೋರಿಸಿದ.

"ತಪ್ಪು ನನ್ನದು. ಆ ಸಿಸ್ಟರ್ ಎಂಟಕ್ಕೇ ಕೊಟ್ಟಿದ್ದಾರೆ," ಎಂದ. ಅವರ ಮುಂದೆಯೇ ಈ ಊರಿನ ಟೈಮ್ ಝೋನ್ ಟೈಪ್ ಮಾಡಿ ಎಂಟರ್ ಒತ್ತಿದ. ಆ ಹತ್ತು ದಿನದ ಪ್ರತಿಯೊಂದು ದಾಖಲೆಗೂ ಟಿಪ್ಪಣಿ ಸೇರಿಸಿ, ತಪ್ಪನ್ನು ಬರೆದು ಸಹಿ ಹಾಕಿಕೊಟ್ಟ. ವೈದ್ಯರು, ತೀರ್ಮಾನ ಆಗುವವರೆಗೆ ಕೆಲಸಕ್ಕೆ ಬರುವುದು ಬೇಡ ಎಂದರು.

ಟೈಲರ್ ಮಗಳು ನೇರ ಬಟ್ಟೆ ಕೋಣೆಗೆ ಬಂದಳು. ಅಪ್ಪನಿಗೆ ಕೊನೆಯಲ್ಲಿ ತುಂಬಾ ನೋವಾಯಿತಾ ಎಂದಷ್ಟೇ ಕೇಳಿದಳು. ಇಲ್ಲ, ನನ್ನ ಕೈ ಹಿಡಿದುಕೊಂಡೇ ಇದ್ದರು ಎಂದಳು ನರ್ಸ್. ಇಬ್ಬರೂ ಹೊದಿಕೆಗಳ ನಡುವೆ ಕೂತು ಅತ್ತರು.

ಸಂಜೆ ಅವನು ಮೇಜು ಖಾಲಿ ಮಾಡುತ್ತಿದ್ದಾಗ ಅವಳು ಬಂದಳು.

"ನನ್ನನ್ನ ಒಂದು ಮಾತು ಕೇಳಬೇಕಿತ್ತು ನೀವು."

"ಹೆಸರೇ ನೋಡಲಿಲ್ಲ ನಾನು. ಅದಕ್ಕಿಂತ ದೊಡ್ಡ ತಪ್ಪಿಲ್ಲ."

"ನಾನೂ ಕೇಳಲಿಲ್ಲ. ನೀವು ನನ್ನನ್ನ ಕೈಬಿಟ್ರಿ ಅಂತಾನೇ ಅಂದ್ಕೊಂಡೆ..."

ಅವನು ತಲೆಯೆತ್ತಲಿಲ್ಲ. ಅವಳು ಎದುರಿನ ಕುರ್ಚಿ ಎಳೆದುಕೊಂಡು ಕೂತಳು.

"ನನ್ನ ಮದುವೆ ಆಗ್ತೀರಾ?"

"ನಂಗೆ ಕೆಲಸ ಇರುತ್ತೋ ಇಲ್ವೋ, ಅದೇ ಗೊತ್ತಿಲ್ಲ."

"ನಾನು ಕೇಳಿದ್ದು ಅದನ್ನಲ್ಲ."

ಅವನು ಆಗ ಅವಳ ಮುಖ ನೋಡಿದ.

"ಆಗ್ತೀನಿ," ಎಂದ.