ಸದ್ದು ಮಾಡದ ಹಿಮ

ಇಪ್ಪತ್ತೊಂದು ವರ್ಷಗಳ ಹಿಂದೆ ಯಲ್ಲಾಪುರದ ಹೈಸ್ಕೂಲಿನ ಮೆಟ್ಟಿಲ ಮೇಲೆ ಕೂತು, ಒಂದೇ ಐಸ್‌ಕ್ಯಾಂಡಿಯನ್ನು ಪಾಳಿಯ ಮೇಲೆ ಚೀಪುತ್ತಾ, ಇಬ್ಬರು ಹುಡುಗಿಯರು ಮಾತು ಕೊಟ್ಟುಕೊಂಡಿದ್ದರು. ಇಬ್ಬರಲ್ಲಿ ಯಾರು ಅಂಟಾರ್ಕ್ಟಿಕಾಕ್ಕೆ ಹೋದರೂ ಇನ್ನೊಬ್ಬಳಿಗೆ ಅಲ್ಲಿಯ ಹಿಮದ ಒಂದು ಚೂರು ತಂದುಕೊಡಬೇಕು. ಉಳಿದವಳು ಹೊಟ್ಟೆಕಿಚ್ಚು ಪಡಬಾರದು.

ಹೋದವಳು ರೋಹಿಣಿ. ಉಳಿದವಳು ಪ್ರತಿಭಾ. ವಿಜ್ಞಾನದಲ್ಲಿ ಪ್ರತಿಭಾಳೇ ಯಾವಾಗಲೂ ಎರಡು ಅಂಕ ಮುಂದೆ. ಆದರೆ ಪಿಯುಸಿ ಮುಗಿಯುವಷ್ಟರಲ್ಲಿ ಅವಳ ಅಪ್ಪ ಹಾಸಿಗೆ ಹಿಡಿದ. ಸಂಬಳ ಬೇಗ ಬರುವ ಕೆಲಸ ಬೇಕಾಯಿತು. ಈಗ ಅದೇ ಊರಿನ ಠಾಣೆಯಲ್ಲಿ ಸಬ್‌ಇನ್‌ಸ್ಪೆಕ್ಟರ್.

ಶನಿವಾರ ಹನ್ನೊಂದು ಗಂಟೆಗೆ ಕಾಲೇಜಿನ ಪ್ರಿನ್ಸಿಪಾಲರ ಫೋನು ಬಂತು. ವಿಜ್ಞಾನ ಪ್ರದರ್ಶನಕ್ಕೆ ರೋಹಿಣಿ ತಂದಿದ್ದ ಅಂಟಾರ್ಕ್ಟಿಕಾದ ಹಿಮ ಕಳುವಾಗಿದೆ.

"ಕದ್ದದ್ದೇನಂತ ಬರೀಲ್ರಿ ಮೇಡಂ?" ಜೀಪಿನಲ್ಲಿ ಹೆಡ್ ಕಾನ್‌ಸ್ಟೆಬಲ್ ಗಿರೀಶ ಕೇಳಿದ. ಬನವಾಸಿ ಕಡೆಯವನು. "ನೀರು ಅಂತ ಬರದ್ರ ಮ್ಯಾಲಿನ ಸಾಹೇಬ್ರು ನಗ್ತಾರ್ರಿ."

"ಸಿಗೋವರೆಗೆ ಹಿಮ ಅಂತಲೇ ಬರಿ. ತಡ ಮಾಡಿದರೆ ನಿನ್ನ ಮಾತೇ ನಿಜ ಆಗ್ತದೆ."

*

ಪ್ರಯೋಗಾಲಯದ ಮೂಲೆಯಲ್ಲಿ ಬಿಳಿ ಫ್ರೀಜರು. ಬೀಗ ಒಡೆದಿರಲಿಲ್ಲ. ಒಳಗೆ ಮೊಳದುದ್ದದ, ರಟ್ಟೆ ಗಾತ್ರದ ಹಿಮದ ಕೊರಡು ಇದ್ದೇ ಇತ್ತು. ಪ್ರತಿಭಾ ಹುಬ್ಬೇರಿಸಿದಳು.

"ಇದು ನನ್ನ ಹಿಮ ಅಲ್ಲ," ಎಂದಳು ರೋಹಿಣಿ.

ಅವಳು ವಿವರಿಸಿದಳು. ಸಾವಿರಾರು ವರ್ಷ ಒಂದರ ಮೇಲೊಂದು ಬಿದ್ದ ಹಿಮ ತನ್ನೊಳಗೆ ಆ ಕಾಲದ ಗಾಳಿಯನ್ನು ಅದುಮಿ ಇಟ್ಟುಕೊಂಡಿರುತ್ತದೆ. ನೀರಿಗೆ ಹಾಕಿದರೆ ಒಗ್ಗರಣೆಗೆ ಬಿದ್ದ ಸಾಸಿವೆಯಂತೆ ಚಟಚಟ ಸಿಡಿಯುತ್ತದೆ. ನಿನ್ನೆ, ಬಿಡಿ ಚೂರುಗಳನ್ನು ಹಾಕಿದಾಗ, ಮಕ್ಕಳೆಲ್ಲ ಆ ಸದ್ದು ಕೇಳಿದ್ದರು. ಇಂದು ಹತ್ತಕ್ಕೆ ಎಲ್ಲರೆದುರು ಕೊರಡಿನ ತುದಿಯನ್ನೇ ಒಂದಿಷ್ಟು ಕೆತ್ತಿ, ಭಟ್ಟಿ ಇಳಿಸಿದ ನೀರಿದ್ದ ಗಾಜಿನ ಲೋಟಕ್ಕೆ ಹಾಕಿದ್ದಳು. ಅಷ್ಟಕ್ಕೆ ಅನುಮತಿ ಇತ್ತು. ಲೋಟ ಸುಮ್ಮನಿತ್ತು.

ಕೊರಡು ಅವಳು ಕೆಲಸ ಮಾಡುವ ಗೋವಾದ ಪ್ರಯೋಗಾಲಯದ್ದು. ಅದರೊಳಗಿನ ಉಪ್ಪನ್ನು ಅಳೆದರೆ ಆ ಕಾಲದಲ್ಲಿ ಸಮುದ್ರ ಎಷ್ಟು ದೂರದವರೆಗೆ ಹೆಪ್ಪುಗಟ್ಟುತ್ತಿತ್ತು, ಈಗ ಎಷ್ಟು ಹಿಂದೆ ಸರಿದಿದೆ ಎಂದು ತಿಳಿಯುತ್ತದೆ. ರೋಹಿಣಿ ಸಹಿ ಮಾಡಿ ತಂದಿದ್ದಳು. ಸೋಮವಾರ ಮರಳಿಸಬೇಕು.

"ಇಲ್ಲದಿದ್ದರೆ?"

"ಮುಂದಿನ ಹಡಗಿಗೆ ನನ್ನ ಹೆಸರು ಇರೂದಿಲ್ಲ. ಆಮೇಲೆ ಯಾವತ್ತೂ ಇರೂದಿಲ್ಲ."

ಪ್ರತಿಭಾಳ ಹೊಟ್ಟೆಯೊಳಗೆ ಏನೋ ತಣ್ಣಗಾಯಿತು. ಅದು ಖುಷಿ ಎಂದು ಅವಳಿಗೆ ಗೊತ್ತಾದದ್ದು ಆಮೇಲೆ.

ಫ್ರೀಜರಿನ ಮೂಲೆಯಲ್ಲಿ ಬಟ್ಟೆ ಸುತ್ತಿದ ಚಿಕ್ಕ ಸ್ಟೀಲ್ ಡಬ್ಬಿ ಕಂಡಿತು.

"ಇದೆಂತ?"

"ಅದು ಬೇರೆ. ಈಗ ತೆಗೆಯೂದು ಬೇಡ ಪ್ರತಿಭಾ." ರೋಹಿಣಿ ಫ್ರೀಜರಿನ ಮುಚ್ಚಳ ಎಳೆದು ಮುಚ್ಚಿಬಿಟ್ಟಳು.

ಪ್ರತಿಭಾ ನೋಟ್‌ಪುಸ್ತಕದಲ್ಲಿ ಮೊದಲು ಬರೆದ ಹೆಸರು ರೋಹಿಣಿಯದೇ. ಕೈತಪ್ಪಿನಿಂದ ಕೊರಡು ಕರಗಿರಬೇಕು. ಮುಚ್ಚಿಕೊಳ್ಳಲು ಈ ಕಳ್ಳತನದ ಕಥೆ. ಎರಡನೆಯ ಹೆಸರು ದಿನಕರ. ಅಲ್ಲಿನ ಭೌತಶಾಸ್ತ್ರದ ಉಪನ್ಯಾಸಕ. ಫ್ರೀಜರಿನ ಒಂದು ಕೀಲಿ ರೋಹಿಣಿಯ ಬಳಿ, ಇನ್ನೊಂದು ಅವನ ಬಳಿ. ಮೂರನೆಯದು ಸುಭಾಷ್. ಫ್ರೀಜರು ಕೊಟ್ಟ ಮೀನು ವ್ಯಾಪಾರಿ, ಅವನ ಬಳಿಯೂ ಒಂದು ಕೀಲಿ ಉಳಿದಿರಬಹುದು.

ಪ್ರಯೋಗಾಲಯ ಗುಡಿಸುವ ನಾಗಿಯನ್ನು ಕೇಳಿದಳು. ನಿನ್ನೆ ಸಂಜೆ ಬಾಗಿಲಿಗೆ ಬೀಗ ಹಾಕಿದವಳೂ ಇಂದು ಎಂಟಕ್ಕೆ ತೆಗೆದವಳೂ ತಾನೇ, ಹೊರಗಿನವರು ಒಬ್ಬರೂ ಬಂದಿಲ್ಲ ಎಂದು ನಾಗಿ ದೇವರ ಆಣೆ ಹಾಕಿದಳು.

ಪ್ರತಿಭಾ ಗಾಜಿನ ಲೋಟಕ್ಕೆ ಮುಚ್ಚಳ ಹಾಕಿ, ಸುತ್ತ ಅಂಟುಪಟ್ಟಿ ಸುತ್ತಿ, ಜೀಪಿನಲ್ಲಿ ಇಟ್ಟುಕೊಂಡಳು.

*

ಈ ಸೀಮೆಯಲ್ಲಿ ಪೊಲೀಸರೇ ಬರಲಿ, ಸಾಲಗಾರನೇ ಬರಲಿ, ಮೊದಲು ಆಸರಿಗೆ ಕೇಳುತ್ತಾರೆ. ಒಂದು ಚೊಂಬು ನೀರು, ಒಂದು ತುಂಡು ಬೆಲ್ಲ. ಕುಡಿದ ಮೇಲೆಯೇ ಮಾತು.

ಸುಭಾಷ್ ಕೊಟ್ಟದ್ದು ಬೋರ್‌ವೆಲ್ ನೀರು. ಕಬ್ಬಿಣದ ರುಚಿ. "ನಂಗೆ ಅಂಕೋಲೆಯಿಂದ ದಿನಾ ಐಸ್ ಬತ್ತದೆ. ಕದಿಯೂಕೆ ನಂಗೇನು ಮರ್ಲಾ?" ಎಂದ. ನಸುಕಿನಲ್ಲಿ ಮೀನು ತರಲು ಇಳಿದವನು ಅರಬೈಲ್ ಘಟ್ಟದಲ್ಲಿ ಮಗುಚಿದ ಲಾರಿಯ ಹಿಂದೆ ಹತ್ತೂವರೆವರೆಗೆ ಸಿಕ್ಕಿಬಿದ್ದಿದ್ದ. ಘಟ್ಟದ ಪೊಲೀಸರು ಹೌದೆಂದರು.

ದಿನಕರನ ಮನೆಯಲ್ಲಿ ಯಂತ್ರದಲ್ಲಿ ಸೋಸಿದ ನೀರು. ಯಾವ ರುಚಿಯೂ ಇಲ್ಲ. ಅವನು ಎರಡು ಸಲ ಅಂಟಾರ್ಕ್ಟಿಕಾಕ್ಕೆ ಅರ್ಜಿ ಹಾಕಿ, ಎರಡು ಸಲವೂ ವೈದ್ಯಕೀಯ ಪರೀಕ್ಷೆಯಲ್ಲಿ ಬಿದ್ದಿದ್ದ.

"ಅವಳನ್ನು ನೋಡಿದರೆ ಹೊಟ್ಟೆ ಉರೀತದೆ. ಬರಕೊಳ್ಳಿ," ಎಂದ. "ನಿಮಗೆ ಉರಿಯೂದಿಲ್ಲವಾ? ನೀವೂ ಅದೇ ಬೆಂಚು ತಾನೇ?"

ನಿನ್ನೆ ರಾತ್ರಿ ಎಲ್ಲಿದ್ದಿರಿ ಎಂದು ಪ್ರತಿಭಾ ಕೇಳಿದಳು. ದಿನಕರ ಶುಕ್ರವಾರ ಸಂಜೆಯೇ ಸಿರಸಿಗೆ ತಂಗಿಯ ಮನೆಗೆ ಹೋಗಿ, ಶನಿವಾರ ಹತ್ತರ ಬಸ್ಸಿಗೆ ಇಳಿದಿದ್ದ. ಕೀಲಿ ಅವನ ಕಿಸೆಯಲ್ಲೇ ಸಿರಸಿ ನೋಡಿಕೊಂಡು ಬಂದಿತ್ತು.

ಎರಡು ಹೆಸರಿಗೆ ಗೀಟು ಬಿತ್ತು. ಉಳಿದದ್ದು ಒಂದೇ. ಪ್ರತಿಭಾಗೆ ಬೇಕಾದದ್ದೂ ಅದೇ.

*

ಸಂಜೆ ನಾಲ್ಕಕ್ಕೆ ಠಾಣೆಯಲ್ಲಿ ಲೋಟದ ಮುಚ್ಚಳ ತೆಗೆದಳು. ನೀರು ಬೆಚ್ಚಗಾಗಿತ್ತು. ಪರಿಮಳ ಬಂತು. ತಿಳಿಯಾದ, ಮಣ್ಣಿನ ತಂಪಿನ ಪರಿಮಳ.

"ಗಿರೀಶ, ಮೂಸು."

"ಲಾವಂಚದ ಬೇರ್ರಿ ಮೇಡಂ. ಕುದಿಸಿದ ನೀರಿಗೆ ಹಾಕ್ತಾರಲ್ರಿ, ಅದ."

ಐದು ಗಂಟೆಗೆ ಅವಳು ರೋಹಿಣಿಯ ಮನೆಯಲ್ಲಿದ್ದಳು. ಆಸರಿಗೆ ತಂದವನು ರೋಹಿಣಿಯ ಗಂಡ ಉಲ್ಲಾಸ. ದನದ ಔಷಧಿಯ ಅಂಗಡಿ ಇಟ್ಟವನು. ಲಸಿಕೆ ತುಂಬಿದ ನೀಲಿ ತಂಪು ಪೆಟ್ಟಿಗೆ ಹೆಗಲಿಗೆ ಹಾಕಿಕೊಂಡು ಹಳ್ಳಿ ತಿರುಗುವ ಅವನನ್ನು ಊರಿಗೆಲ್ಲ ಗೊತ್ತು.

ಪ್ರತಿಭಾ ಒಂದು ಗುಟುಕು ಕುಡಿದಳು. ಲಾವಂಚ.

ಒಳಗಿನಿಂದ ರೋಹಿಣಿ ಬಂದಳು. ಅತ್ತು ಕಣ್ಣು ಊದಿತ್ತು. ಸಿಕ್ಕಿಬಿದ್ದೆಯಲ್ಲೇ, ಎಂದುಕೊಂಡಳು ಪ್ರತಿಭಾ. ಬಾಯಿ ತೆರೆದಿದ್ದಳು ಕೂಡ. ಅಷ್ಟರಲ್ಲಿ ಅಡುಗೆಮನೆಯ ಬಾಗಿಲ ಮೊಳೆಯಲ್ಲಿ ನೇತಾಡುತ್ತಿದ್ದ ರೋಹಿಣಿಯ ಕೀಲಿಗೊಂಚಲು ಕಣ್ಣಿಗೆ ಬಿತ್ತು. ಯಾರ ಕೈಗೂ ಎಟುಕುವಂತಿತ್ತು.

ಅವಳು ಅಂಗಳಕ್ಕೆ ಹೋಗಿ ನಾಗಿಗೆ ಫೋನು ಮಾಡಿದಳು. ಪ್ರಶ್ನೆ ಬದಲಾಯಿಸಿದಳು. ಹೊರಗಿನವರು ಬೇಡ, ಬಂದವರು ಯಾರು?

"ರೋಹಿಣಿಯಮ್ಮನ ಯಜಮಾನ್ರು ಇವತ್ತು ಬೆಳಿಗ್ಗೆ ಎಂಟೂವರೆಗೆ ಬಂದಿದ್ರು, ಗೋಡೆಗೆ ಹಚ್ಚೂ ಚಿತ್ರ ಇಡೂಕೆ. ನೀಲಿ ಪೆಟ್ಟಿಗೆ ಇತ್ತು. ಅವರೇನು ಹೊರಗಿನವರಾ, ಅಮ್ಮಾ?"

*

ಪ್ರತಿಭಾ ಠಾಣೆಯಿಂದ ತಂದ ಲೋಟವನ್ನೂ ಆಸರಿಗೆ ಕೊಟ್ಟ ಲೋಟವನ್ನೂ ಜಗಲಿಯ ಮೇಜಿನ ಮೇಲಿಟ್ಟಳು.

"ಎರಡೂ ಮೂಸು, ರೋಹಿಣಿ."

ಮೂಸಿದಳು. ತಲೆ ಎತ್ತಲಿಲ್ಲ. "ನಮ್ಮನೆ ನೀರು."

"ಬೆಳಿಗ್ಗೆ ತಣ್ಣಗಿತ್ತು, ಪರಿಮಳ ಏಳಲಿಲ್ಲ. ಹಾಗಾಗಿ ನಿಂಗೂ ಗೊತ್ತಾಗಲಿಲ್ಲ." ಪ್ರತಿಭಾ ಉಲ್ಲಾಸನ ಕಡೆ ತಿರುಗಿದಳು. "ನಕಲಿ ಮಾಡಿದವಳು ಇವಳೇ ಆಗಿದ್ದರೆ ಲೋಟಕ್ಕೆ ಹಾಕಿ ಊರಿಗೆ ತೋರಿಸ್ತಿರಲಿಲ್ಲ. ಮತ್ತೆ, ಹಿಮದೊಳಗಿನ ಉಪ್ಪಿನ ಕಣ ಎಣಿಸೋಳು ಅಡುಗೆಮನೆಯ ಕೊಡದೊಳಗಿನ ನೀರು ಮುಟ್ಟೂದಿಲ್ಲ. ಕಾಲೇಜಿನಲ್ಲೇ ಭಟ್ಟಿ ಇಳಿಸಿದ ನೀರಿದೆ. ಒಳ್ಳೇ ನೀರು ಅಂದರೆ ಮನೆ ಕೊಡದ ನೀರು ಅನ್ನೂದು ನಮ್ಮಂಥವರು. ಮೊಳೆಯ ಮೇಲಿನ ಕೀಲಿ ತೆಗೆದದ್ದು ನೀವು. ಪೆಟ್ಟಿಗೆಯಲ್ಲಿ ನಕಲಿ ಒಳಗೆ ಹೋಯ್ತು, ಅಸಲಿ ಹೊರಗೆ ಬಂತು. ಆ ಪೆಟ್ಟಿಗೆಯನ್ನು ಈ ಊರಲ್ಲಿ ಯಾರೂ ತೆಗೆಸಿ ನೋಡೂದಿಲ್ಲ."

ಉಲ್ಲಾಸ ಕುರ್ಚಿಯಲ್ಲಿ ಕೂತ. ಪೈಪಿನ ತುಂಡಿನಲ್ಲಿ ಎರಡು ದಿನ ನೀರು ಹೆಪ್ಪುಗಟ್ಟಿಸಿದ್ದನ್ನು ಒಪ್ಪಿಕೊಂಡ. ಅಸಲಿ ಎಲ್ಲಿ ಎಂದರೆ ಅಂಗಡಿಯ ಫ್ರೀಜರಿನಲ್ಲಿ, ಐಸ್ ಪ್ಯಾಕುಗಳ ಕೆಳಗೆ ಎಂದ. ಕರಗಿಸಲು ಎರಡು ಸಲ ಹೊರಗೆ ತೆಗೆದಿದ್ದನಂತೆ. ಕೈ ಬರಲಿಲ್ಲವಂತೆ.

"ಒಮ್ಮೆ ಹೋದರೆ ನಾಲ್ಕು ತಿಂಗಳು," ಎಂದ ಅವನು, ಹೆಂಡತಿಯನ್ನು ನೋಡದೆ. "ಬಂದ ಮೇಲೂ ಆ ಗಡ್ಡೆಗೆ ಚಳಿ ಸಾಕಾ ಅಂತ ಗಳಿಗೆಗೊಮ್ಮೆ ಕೇಳ್ತಾಳೆ. ನಂಗೆ ಡೆಂಗಿ ಆದಾಗ ಒಂದು ಸಲ ಕೇಳಿದ್ದಳು. ಅದೂ ಫೋನಲ್ಲಿ. ಊರವರೆಲ್ಲ ನನ್ನ ರೋಹಿಣಿಯ ಗಂಡ ಅಂತಾರೆ. ನಂಗೂ ಒಂದು ಹೆಸರಿದೆ."

ಪ್ರತಿಭಾ ನೋಟ್‌ಪುಸ್ತಕ ಮುಚ್ಚಿದಳು. ಅವನ ಮಾತಿನಲ್ಲಿ ತನಗೆ ಹೊಸದು ಏನೂ ಇರಲಿಲ್ಲ.

ಅಂಗಡಿಯ ಫ್ರೀಜರಿನಲ್ಲಿ ಕೊರಡು ತನ್ನ ಚೀಲದಲ್ಲಿ ಹಾಗೇ ಇತ್ತು. ರೋಹಿಣಿ ತುದಿಯಿಂದ ಒಂದು ಸಿಬಿರು ಕೆತ್ತಿ ನೀರಿಗೆ ಹಾಕಿದಳು. ಚಟಚಟ ಎಂದಿತು.

"ಸೋಮವಾರ ಗೋವಾಕ್ಕೆ ನಾನೇ ಹೋಗ್ತೆ," ಎಂದಳು ಗಂಡನಿಗೆ. "ನೀನು ಬಸ್‌ಸ್ಟ್ಯಾಂಡಿಗೂ ಬರೂದು ಬೇಡ."

ಪ್ರಿನ್ಸಿಪಾಲರ ದೂರು ಇದ್ದದ್ದರಿಂದ ಕೇಸು ದಾಖಲಾಯಿತು. ಗಿರೀಶ 'ಹಿಮ' ಎಂದೇ ಬರೆದ.

*

ಭಾನುವಾರ ಬೆಳಿಗ್ಗೆ ರೋಹಿಣಿ ಕಾಲೇಜಿನ ಫ್ರೀಜರು ಖಾಲಿ ಮಾಡುತ್ತಿದ್ದಳು. ಪ್ರತಿಭಾ ಸಹಿ ಹಾಕಿಸಿಕೊಳ್ಳಲು ಬಂದಳು. ರೋಹಿಣಿ ಸ್ಟೀಲ್ ಡಬ್ಬಿ ಬಿಚ್ಚಿದಳು. ಒಳಗೆ ಅಡಿಕೆಯಷ್ಟು ದೊಡ್ಡ ಹಿಮದ ಚೂರು. ಮಕ್ಕಳಿಗೆ ತೋರಿಸಲು ಕೊಟ್ಟಿದ್ದ ಬಿಡಿ ಚೂರುಗಳಲ್ಲಿ ಒಂದನ್ನು ಮೊದಲ ದಿನವೇ ತೆಗೆದಿಟ್ಟಿದ್ದಳಂತೆ.

"ನಿನ್ನೆ ಅಷ್ಟು ಜನರ ಎದುರು ಹೆಂಗೆ ಕೊಡೂದು? ಪೊಲೀಸರಿಗೆ ಲಂಚ ಅಂತಿದ್ದರು." ಪ್ರತಿಭಾಳ ಅಂಗೈಗೆ ಹಾಕಿದಳು. "ಕಿವಿ ಹತ್ತಿರ ಹಿಡಿ ಮಾರಾಯ್ತಿ. ಕರಗ್ತದೆ."

ಪ್ರತಿಭಾ ಹಿಡಿದಳು. ಸಣ್ಣಗೆ ಸಿಡಿಯಿತು. ಮೊಣಕೈವರೆಗೆ ನೀರು ಇಳಿಯಿತು.

"ನನ್ನ ಮೇಲೆ ಸಂಶಯ ಬಂದಿತ್ತಾ?"

"ಬಂದಿತ್ತು. ನೀನೇ ಆಗಿರಲಿ ಅಂತಲೂ ಇತ್ತು."

ರೋಹಿಣಿ ಫ್ರೀಜರಿನ ಮುಚ್ಚಳ ಹಾಕಿದಳು. ಡಬ್ಬಿ ಒರೆಸಿ ಚೀಲಕ್ಕೆ ಹಾಕಿಕೊಂಡಳು.

ರೋಹಿಣಿ ಕೊಟ್ಟ ಮಾತು ಉಳಿಸಿಕೊಂಡಿದ್ದಳು. ಪ್ರತಿಭಾ ಉಳಿಸಿಕೊಂಡಿರಲಿಲ್ಲ.